ಮುಳ್ಳುಚೆಂಡಿನ ದಾಂಪತ್ಯ

ಮನುಕುಲದ ಮುಂದಿರುವ ಗಹನವಾದ ಪ್ರಶ್ನೆಗಳಲ್ಲಿ ಕೆಲವಕ್ಕೆ ಉತ್ತರ ಸಿಕ್ಕಿದೆ, ಕೆಲವಕ್ಕೆ ಇನ್ನೂ ಸಿಕ್ಕಿಲ್ಲ. ಕಡಲಬಂಡೆಗೆ ಅಂಟಿಕೊಂಡು ಕೂರುವ, ಮೈತುಂಬ ಮುಳ್ಳಿನ ಉರುಟು ಜೀವಿಯಾದ ಕಪ್ಪು ಮುಳ್ಳುಚೆಂಡು, ಪಕ್ಕದ ಬಂಡೆಯ ನೇರಳೆ ಮುಳ್ಳುಚೆಂಡಿನ ಗಂಡ ಹೌದೋ ಅಲ್ಲವೋ ಎಂಬುದು ಇವುಗಳ ಪೈಕಿ ಅತ್ಯಂತ ಮುಖ್ಯವಾದದ್ದು. ರೋಮ್‌ನಲ್ಲಿ ಸರ್ಕಾರ ಬಿದ್ದಾಗ ಕಾಫಿ ಲೋಟ ಕೆಳಗಿಡದ ನಮ್ಮ ಬಂದರು, 1979ರ ಮಾರ್ಚ್ ತಿಂಗಳಲ್ಲಿ ಈ ಒಂದೇ ವಿಷಯಕ್ಕೆ ಹತ್ತು ದಿನ ಬಲೆ ಹೊಲಿಯುವುದನ್ನೂ ಬಿಟ್ಟು ಜಗಳಾಡಿತು.

ಪ್ರಶ್ನೆ ಏಳುವ ಮುಂಚೆಯೇ ಉತ್ತರ ಎಲ್ಲರಿಗೂ ಗೊತ್ತಿತ್ತು ಎಂಬುದನ್ನೂ ಹೇಳಬೇಕು. ನೇರಳೆಯದು ಹೆಣ್ಣು, ಕರಿಯದು ಗಂಡು. ಸಾಕ್ಷ್ಯಕ್ಕೇನೂ ಕೊರತೆಯಿರಲಿಲ್ಲ. ನೇರಳೆಯದು ನೆತ್ತಿಯ ಮೇಲೆ ಚಿಪ್ಪಿನ ಚೂರು, ಪಾಚಿಯ ಎಸಳು, ಬಣ್ಣದ ಕಲ್ಲು ಏರಿಸಿಕೊಂಡು ಕೂರುತ್ತದೆ. ಇಷ್ಟು ಸಿಂಗಾರ ಹೆಣ್ಣಲ್ಲದೆ ಇನ್ನಾರು ಮಾಡಿಕೊಳ್ಳುತ್ತಾರೆ? ಕರಿಯದು ಏನನ್ನೂ ತೊಡುವುದಿಲ್ಲ. ಅಲೆ ಬಡಿಯುವಲ್ಲೇ ಬಂಡೆ ಕಚ್ಚಿಕೊಂಡಿರುತ್ತದೆ, ಕೀಳಲು ಹೋದರೆ ಇನ್ನಷ್ಟು ಬಿಗಿಯುತ್ತದೆ, ಒಡೆದು ನೋಡಿದರೆ ಒಳಗೆ ತಿನ್ನುವಂಥದ್ದೇನೂ ಇರುವುದಿಲ್ಲ. ಗಂಡಸು ಎನ್ನಲು ಇದಕ್ಕಿಂತ ಹೆಚ್ಚಿನ ಪುರಾವೆ ಬೇಡ ಎಂದು ನಮ್ಮ ಹೆಂಗಸರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಗಂಡಸರೂ ತಲೆಯಾಡಿಸಿದ್ದಾರೆ.

ನಾನು ಪಲೆರ್ಮೊದ ಒಂದು ಪ್ರಯೋಗಾಲಯದಲ್ಲಿ ಕಡಲನೀರಿನ ತೊಟ್ಟಿಗಳನ್ನು ನೋಡಿಕೊಳ್ಳುವವನು. ಮನೆ ಮಾತ್ರ ಬಂದರಿನಲ್ಲಿ. ನಮಗೆ ಮುಳ್ಳುಚೆಂಡು ತಂದುಕೊಡುತ್ತಿದ್ದವನು ಝೂ ಲಿಬೊರಿಯೊ. ಝೂ ಎಂದರೆ ಚಿಕ್ಕಪ್ಪ. ಯಾರ ಚಿಕ್ಕಪ್ಪ ಎಂದು ಯಾರೂ ಕೇಳುವುದಿಲ್ಲ. ಅರವತ್ತೊಂಬತ್ತರಲ್ಲೂ ಉಸಿರು ಬಿಗಿಹಿಡಿದು ಮುಳುಗುತ್ತಿದ್ದ, ನೀರಿನಡಿಯ ಹೊತ್ತನ್ನು ‘ಆವೆ ಮರಿಯಾ’ ಪ್ರಾರ್ಥನೆಯಲ್ಲಿ ಅಳೆಯುತ್ತಿದ್ದ. ಐದು ಆವೆ ಮರಿಯಾ ಆದ ಮೇಲೆ ಮೇಲೇಳದವನು ಸಂತ ಅಥವಾ ಹೆಣ ಎಂಬುದು ಅವನ ಮಾತು. ಹಳೆಯ ಪ್ರೊಫೆಸರರು ನಮ್ಮ ಕಡೆಯವರೇ. “ತಿನ್ನೋ ಪೈಕಿ ಒಂದು ಬುಟ್ಟಿ” ಎನ್ನುತ್ತಿದ್ದರು, ಅವನು ಒಂದು ಬುಟ್ಟಿ ನೇರಳೆ ತಂದಿಡುತ್ತಿದ್ದ. ಇಪ್ಪತ್ತು ವರ್ಷ ಗಂಡು ಹೆಣ್ಣಿನ ಮಾತೇ ಬಂದಿರಲಿಲ್ಲ.

ಆ ವರ್ಷ ದೂರದ ಉತ್ತರದ ತ್ರಿಯೆಸ್ತೆಯಿಂದ ಡಾಕ್ಟರ್ ಎರ್ಸಿಲಿಯಾ ಬಂದಳು. ಭ್ರೂಣ ಬೆಳೆಯುವಾಗ ಅದರ ಜೀವಕೋಶಗಳು ಗಂಟೆಗೊಂದು ಹೊರಮೈ ತೊಡುತ್ತವೆ, ಯಾವ ಹೊತ್ತಿನಲ್ಲಿ ಯಾವ ಮೈ ಎಂದು ಬರೆದಿಡುವುದು ಆಕೆಯ ಕೆಲಸ. ಬಂದ ಎರಡನೆಯ ವಾರ ಬಂದರಿನ ಕಾಫಿ ಅಂಗಡಿಗೆ ಫೋನ್ ಮಾಡಿ ಲಿಬೊರಿಯೊಗೆ ಹೇಳಿದಳು: “ಹೋದ ಸಲ ಬರೀ ಹೆಣ್ಣೇ ಬಂದಿದ್ವು. ಈ ಸಲ ಗಂಡೂ ಇರೋ ಹಾಗೆ ಸ್ವಲ್ಪ ಜಾಸ್ತಿ ತನ್ನಿ.”

ಬುಟ್ಟಿಯಲ್ಲಿ ಬರೀ ಹೆಣ್ಣು ಎಂಬುದು ಲಿಬೊರಿಯೊಗೆ ಇಪ್ಪತ್ತು ವರ್ಷದಿಂದಲೂ ಗೊತ್ತಿತ್ತು. ಇಷ್ಟು ದಿನಕ್ಕೆ ಒಬ್ಬರಾದರೂ ಕೇಳಿದರಲ್ಲ ಎಂದು ಅವನಿಗೆ ಸಂತೋಷವಾಯಿತು. ಮರುದಿನ ಎರಡು ಬುಟ್ಟಿ ತಂದು ಮೇಜಿನ ಮೇಲಿಟ್ಟ. ಒಂದರಲ್ಲಿ ನೇರಳೆ, ಇನ್ನೊಂದರಲ್ಲಿ ಕಪ್ಪು.

“ಈ ಕರೀದು ಯಾಕೆ ತಂದ್ರಿ?” ಎಂದಳು ಎರ್ಸಿಲಿಯಾ.

“ನೀವೇ ಗಂಡು ಕೇಳಿದ್ರಲ್ಲ ಡಾಕ್ಟರಮ್ಮ. ಒಳ್ಳೇ ಹುರಿಯಾಳ್ಗಳು ನೋಡಿ, ಒಂದಕ್ಕಿಂತ ಒಂದು.”

“ಇದು ಗಂಡಲ್ಲ, ಬೇರೆ ಜಾತಿ. ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.”

“ನಿಮ್ಮೂರಲ್ಲಿ ಇರಾಕಿಲ್ಲ ಬುಡಿ. ಅಲ್ಲಿ ಚಳಿ ಜಾಸ್ತಿ.” ಅವನು ನನ್ನ ಕಡೆ ತಿರುಗಿದ. “ಕೊಜಿಮೊ, ನೀನಾದ್ರೂ ಹೇಳ್ಲಾ.”

ನಾನು ತೊಟ್ಟಿಯ ಉಷ್ಣಮಾಪಕವನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದೆ.

ಎರ್ಸಿಲಿಯಾ ವಾದ ಮಾಡಲಿಲ್ಲ. ನೇರಳೆ ಬುಟ್ಟಿಯಿಂದ ಮೂರು ಎತ್ತಿಕೊಂಡು, ಬಾಯಿಯ ಸುತ್ತಲ ಮೆತ್ತನೆಯ ಜಾಗಕ್ಕೆ ಉಪ್ಪಿನ ದ್ರಾವಣದ ಸೂಜಿ ಚುಚ್ಚಿ, ಗಾಜಿನ ಲೋಟಗಳ ಮೇಲೆ ಬೋರಲು ಹಾಕಿದಳು. ಎರಡರಿಂದ ಕಿತ್ತಳೆ ಬಣ್ಣದ ಮೊಟ್ಟೆಗಳು ದಾರದಂತೆ ಇಳಿದವು. ಮೂರನೆಯದು ತಲೆಯ ಮೇಲೆ ಚಿಪ್ಪು ಕಲ್ಲು ಎರಡನ್ನೂ ಹೊತ್ತ ಸಿಂಗಾರಿ. ಅದರಿಂದ ಹಾಲಿನಂಥ ಬಿಳಿ ಬೀಜ, ಎಂದರೆ ಗಂಡಿನ ವೀರ್ಯ, ಇಳಿಯಿತು.

ಲಿಬೊರಿಯೊ ಟೋಪಿ ತೆಗೆದ. ಎರ್ಸಿಲಿಯಾ ಕರಿಯದೊಂದಕ್ಕೆ ಚುಚ್ಚಿದಳು. ಅದು ಕಡುಗೆಂಪು ಮೊಟ್ಟೆ ಸುರಿಸಿತು.

“ಯಪ್ಪಾ, ಗಂಡು ಮೊಟ್ಟೆ ಇಕ್ತು!” ಎಂದ ಲಿಬೊರಿಯೊ. ಲೋಟಕ್ಕೆ ಬಗ್ಗಿ ನೋಡಿ, “ಕಾಯಿಲೆ ಇರ್ಬೇಕು” ಎಂದ.

“ಬನ್ನಿ, ಇಲ್ಲಿ ಕಣ್ಣಿಡಿ.”

ಸೂಕ್ಷ್ಮದರ್ಶಕದಡಿ ನೇರಳೆಯ ಮೊಟ್ಟೆಗಳಿದ್ದವು. ಆಕೆ ಇನ್ನೊಂದು ಕರಿಯದರಿಂದ ತೆಗೆದ ಬೀಜವನ್ನು ಒಂದು ಹನಿ ಬಿಟ್ಟಳು. ಬಾಲದ ಚುಕ್ಕೆಗಳು ಮೊಟ್ಟೆಯ ಸುತ್ತ ಓಡಾಡಿದವು, ಬಡಿದವು, ಸರಿದುಹೋದವು. ಮೊಟ್ಟೆ ಅಲುಗಲಿಲ್ಲ. ಲಿಬೊರಿಯೊ ಹತ್ತು ಆವೆ ಮರಿಯಾ ಎಣಿಸಿದ, ನೀರಿನಡಿಯಾಗಿದ್ದರೆ ಸತ್ತಿರುತ್ತಿದ್ದ. ಆಮೇಲೆ ಆಕೆ ಬೇರೆ ಗಾಜಿನಲ್ಲಿ, ಅದೇ ಮೊಟ್ಟೆಗಳಿಗೆ ಆ ಸಿಂಗಾರಿಯ ಬೀಜ ಬಿಟ್ಟಳು. ಮೂರನೆಯ ಆವೆ ಮರಿಯಾ ಮುಗಿಯುವ ಮುಂಚೆ ಮೊಟ್ಟೆಯ ಮೈಯಿಂದ ಒಂದು ತೆಳು ಪೊರೆ ಎದ್ದು, ಸುತ್ತಲೂ ಬಳೆಯಂತೆ ನಿಂತಿತು.

“ಮೊಟ್ಟೆ ಮೈಮೇಲೆ ಕೊಂಡಿಗಳಿರುತ್ತೆ” ಎಂದಳು ಎರ್ಸಿಲಿಯಾ. “ತನ್ನ ಜಾತಿಯವನಿಗೆ ಮಾತ್ರ ಸಿಗೋ ಕೊಂಡಿ. ಒಬ್ಬ ಒಳಗೆ ಹೋದ ತಕ್ಷಣ ಮೈ ಬದಲಾಯಿಸಿಬಿಡುತ್ತೆ. ಇನ್ನೊಬ್ಬನಿಗೆ ಜಾಗ ಇಲ್ಲ.”

“ನಮ್ಮ ಬಂದರಿನ ಬಸ್ಸಿಗೂ ಇಂಥದ್ದೊಂದು ಬಾಗ್ಲು ಬೇಕಿತ್ತು ಡಾಕ್ಟರಮ್ಮ” ಎಂದ ಲಿಬೊರಿಯೊ. ಸೂಕ್ಷ್ಮದರ್ಶಕದಿಂದ ಕಣ್ಣು ಮಾತ್ರ ಕೀಳಲಿಲ್ಲ. ಒಂದು ಗಂಟೆ ಕಳೆದು ಮೊಟ್ಟೆ ಎರಡಾದಾಗ “ಲೋ ಲೋ ಲೋ” ಎಂದ. ನಾಲ್ಕಾದಾಗ ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡ.

ಮರುದಿನ ಬೆಳಿಗ್ಗೆ ಎಂಟಕ್ಕೆ, ಯಾರೂ ಕರೆಯದಿದ್ದರೂ, ಕ್ಷೌರ ಮಾಡಿಸಿಕೊಂಡು ಬಂದ. ಅಷ್ಟರಲ್ಲಿ ಮೊಟ್ಟೆಗಳು ನೂರಾರು ಕೋಶಗಳ ಟೊಳ್ಳು ಚೆಂಡುಗಳಾಗಿ, ಮೈತುಂಬ ಕೂದಲು ಬಿಟ್ಟು ಗಿರಗಿರನೆ ಈಜುತ್ತಿದ್ದವು. ನಿನ್ನೆ ದುಂಡಗೆ, ಒಂದನ್ನೊಂದು ಮುಟ್ಟಿಯೂ ಮುಟ್ಟದಂತಿದ್ದ ಕೋಶಗಳು ಈಗ ಎಷ್ಟು ಒತ್ತಿ ಅಂಟಿಕೊಂಡಿದ್ದವೆಂದರೆ ನಡುವಿನ ಗೆರೆಯೇ ಕಾಣುತ್ತಿರಲಿಲ್ಲ. ಚೆಂಡಿನ ತಳದಲ್ಲಿ ಮಾತ್ರ ಮೂವತ್ತು ಮೂವತ್ತೈದು ಕೋಶಗಳು ಸಾಲಿನಿಂದ ಜಾರಿ ಒಳಗಿಳಿಯುತ್ತಿದ್ದವು.

“ಅವುನ್ನ ಯಾರು ತಳ್ಳಿದ್ರು?”

“ಯಾರೂ ತಳ್ಳಲಿಲ್ಲ. ಇಷ್ಟು ಹೊತ್ತು ಅಕ್ಕಪಕ್ಕದವರನ್ನ ಹಿಡ್ಕೊಳ್ಳೋ ಮೈ ಇತ್ತು. ಈಗ ಆ ಹಿಡಿತ ಹೋಯ್ತು, ಒಳಗಿನ ನೆಲ ಹಿಡಿಯೋ ಮೈ ಬಂತು. ಮುಂದೆ ಮೂಳೆ ಕಟ್ಟೋದು ಇವೇ.”

ಲಿಬೊರಿಯೊ ಬಹಳ ಹೊತ್ತು ನೋಡಿದ. “ನಾನು ಅವ್ವನ ಲಂಗ ಬುಟ್ಟು ದೋಣಿ ಹುಟ್ಟು ಹಿಡ್ದಾಗ ಎಂಟು ವರ್ಷ” ಎಂದ. “ಇವಕ್ಕೆ ಒಂದು ರಾತ್ರಿ ಸಾಕಾಯ್ತಲ್ಲ, ಕಳ್ಳನ್ಮಕ್ಳು.” ಆಮೇಲೆ ಟೋಪಿ ಹಾಕಿಕೊಂಡು, ಮದುವೆ ಕರೆಯಲು ಹೊರಟವನ ಹಾಗೆ ಬಂದರಿಗೆ ಹೋದ.

ಅಲ್ಲಿಂದ ಕೆಟ್ಟಿತು.

ನಮ್ಮಲ್ಲಿ ಮಾರ್ಚ್ ಹತ್ತೊಂಬತ್ತು ಮಾತೆ ಮರಿಯಮ್ಮನ ಗಂಡ ಸಂತ ಜೋಸೆಫನ ಹಬ್ಬ. ಊರೆಲ್ಲ ಸೇರಿ ಒಂದು ಊಟದ ಮೇಜು ಹಾಕುತ್ತದೆ. ಕಡಲಿಗೆ ಇನ್ನೂ ಇಳಿಯುವವರಲ್ಲಿ ಹಿರಿಯನಾದವನು ಜೋಸೆಫನ ವೇಷದಲ್ಲಿ ಬಂದು ಬಾಗಿಲು ಬಡಿಯುತ್ತಾನೆ. ಎರಡು ಸಲ ಒಳಗಿನಿಂದ “ಜಾಗ ಇಲ್ಲ” ಎನ್ನುತ್ತಾರೆ, ಮೂರನೆಯ ಸಲ ತೆರೆಯುತ್ತಾರೆ. ಅವನು ಮರಿಯಮ್ಮನ ಪ್ರತಿಮೆಯ ಪಕ್ಕದ ಕುರ್ಚಿಯಲ್ಲಿ ಕೂತು ಮೊದಲ ತುತ್ತು ತಿನ್ನುವವರೆಗೆ ಯಾರೂ ತಟ್ಟೆ ಮುಟ್ಟುವಂತಿಲ್ಲ. ಅಷ್ಟೇ ಅಲ್ಲ, ಆ ಕುರ್ಚಿಯಲ್ಲಿ ಕೂತವನು ವರ್ಷವಿಡೀ ಯಾರು ಯಾವ ಬಂಡೆಯಲ್ಲಿ ಮುಳುಗಬೇಕೆಂಬ ತಕರಾರು ತೀರ್ಮಾನಿಸುತ್ತಾನೆ. ಆದ್ದರಿಂದ ಅವನ ಮಾತನ್ನು ಯಾರೂ ಅನುಮಾನಿಸುವಂತಿರಬಾರದು. ಲಿಬೊರಿಯೊನ ಅಪ್ಪ ಹದಿನೇಳು ವರ್ಷ ಕೂತಿದ್ದ, ಲಿಬೊರಿಯೊ ಒಂಬತ್ತು. ಅವನ ಜೀವನದಲ್ಲಿ ಅವನಿಗೆ ಬೇಕಾಗಿದ್ದದ್ದು ಇನ್ನು ಅದೊಂದೇ.

ಅಂಥವನು ಕಾಫಿ ಅಂಗಡಿಯಲ್ಲಿ ನಿಂತು, ಕರಿಯದು ಗಂಡಲ್ಲ, ಸಿಂಗಾರಿಯ ಹೊಟ್ಟೆಯಲ್ಲಿ ಬೀಜ ಇರುತ್ತದೆ, ನಾನು ಕಣ್ಣಾರೆ ಕಂಡೆ ಎಂದ.

ಮೊದಲು ನಕ್ಕವನು ಬಾಲ್ದೊ. ವಯಸ್ಸಿನಲ್ಲಿ ಎರಡು ವರ್ಷ ಚಿಕ್ಕವನು, ಹಾಗಾಗಿ ಒಂಬತ್ತು ವರ್ಷದಿಂದ ಎರಡನೆಯವನು. “ಕಿವಿಯೊಳಗೆ ನೀರು ಹೋಗೋದು ನೋಡಿವ್ನಿ. ತಲೆ ಒಳಕ್ಕೆ ಹೋಗಿದ್ದು ಇದೇ ಮೊದ್ಲು.”

“ಸೂಜಿ ಚುಚ್ಚಿದ್ರೆ ಬಂತು ಕಣ್ಲಾ, ಹಾಲಿನಂಗೆ.”

“ಆ ಸೂಜಿ ಪಾದ್ರಿಗೆ ಚುಚ್ಚಿದ್ರೆ ಪಾದ್ರೀನೂ ಹಾಲು ಕೊಡ್ತಾನೆ!”

ಮಾತು ಹಬ್ಬದ ಮೇಜಿನ ಒಡತಿ, ಊರೆಲ್ಲ ಗೌರವದಿಂದ ದೊನ್ನಾ ಎನ್ನುವ ಬ್ರಿಜಿದಾಳಿಗೆ ಮುಟ್ಟಿತು. ಮೂವತ್ತು ವರ್ಷದಿಂದ ಹಬ್ಬದ ಅಡುಗೆ ಅವಳದು, ಬಾಗಿಲೂ ಅವಳದೇ. ಲಿಬೊರಿಯೊನನ್ನು ಕರೆಸಿದಳು.

“ನೋಡು ಲಿಬೊರಿಯೊ, ಹೆಣ್ಣು ಯಾವ್ದು ಗಂಡು ಯಾವ್ದು ಅಂತ ಗೊತ್ತಾಗ್ದೋನನ್ನ ಮಾತೆ ಮರಿಯಮ್ಮನ ಪಕ್ಕ ಕೂರ್ಸಾಕೆ ಆಗಾಕಿಲ್ಲ. ಆಡಿದ್ದು ತಮಾಸೆ ಅಂತ ಒಂದು ಮಾತು ಹೇಳ್ಬುಡು. ಇಲ್ಲಾಂದ್ರೆ ಬಾಲ್ದೊ ಕೂರ್ತಾನೆ.”

“ಕಂಡಿದ್ದನ್ನ ಕಂಡಿಲ್ಲ ಅನ್ನಾಕೆ ಆಗಾಕಿಲ್ಲ ಅಕ್ಕಾ.”

“ಕುರ್ಚಿ ಬೇಡ್ವಾ?”

“ಬೇಕು.”

“ಮತ್ತೆ?”

“ಎರಡೂ ಬೇಕು.”

ಅವನು ಪ್ರಯೋಗಾಲಯಕ್ಕೆ ಬಂದು ನಡೆದದ್ದೆಲ್ಲ ಹೇಳಿದಾಗ ಎರ್ಸಿಲಿಯಾ ನಗುತ್ತಾಳೆಂದುಕೊಂಡೆ. ಆಕೆ ನಗಲಿಲ್ಲ. ಕುರ್ಚಿಯ ವಿಷಯ ಎರಡು ಸಲ ಕೇಳಿ ತಿಳಿದುಕೊಂಡು, “ಸೂಜಿ ಇಲ್ಲದ ಸಾಕ್ಷಿ ಬೇಕು ಅಂದ ಹಾಗಾಯ್ತು” ಎಂದಳು. “ಹಬ್ಬದ ದಿನ ನಾನೇ ಬರ್ತೀನಿ. ಕೊಜಿಮೊ, ಸೂಕ್ಷ್ಮದರ್ಶಕ ಹೊರಗೆ ಒಯ್ಯೋಕೆ ಅಪ್ಪಣೆ ಬೇಕಲ್ವಾ?”

“ಬೇಕು.”

“ಕೇಳೋದು ಬೇಡ.”

ಹತ್ತೊಂಬತ್ತರ ಬೆಳಿಗ್ಗೆ ಎಂಟಕ್ಕೆ, ನನ್ನ ಹೆಂಡತಿಯ ಕಂಬಳಿಯಲ್ಲಿ ಸುತ್ತಿದ ಸೂಕ್ಷ್ಮದರ್ಶಕ ಬ್ರಿಜಿದಾಳ ಮನೆಯ ಕೆಳಕೋಣೆಗೆ ಬಂತು. ಕೋಣೆಯ ತುಂಬ ಹಬ್ಬದ ಮೇಜು. ಏಣಿ, ಗರಗಸ, ಗಡ್ಡದ ಆಕಾರದ ಬ್ರೆಡ್ಡುಗಳು, ಪಲ್ಲೆಹೂ ಎಂಬ ಮೊಗ್ಗಿನ ತರಕಾರಿ, ಕಿತ್ತಳೆ. ತುದಿಯಲ್ಲಿ ಎರಡು ಬ್ರೆಡ್ಡು ಸರಿಸಿ ಜಾಗ ಮಾಡಿದೆವು. ಎರ್ಸಿಲಿಯಾ ಎರಡು ಗಾಜಿನ ಬಟ್ಟಲು ತಂದಿದ್ದಳು. ಒಂದರಲ್ಲಿ ನೇರಳೆಗೂ ನೇರಳೆಗೂ ಹುಟ್ಟಿದ ಒಂದು ದಿನದ ಭ್ರೂಣಗಳು, ಬಿಡಿಯಾಗಿ ನೋಡಿದರೆ ತಿಳಿ ಬಣ್ಣದವು. ಇನ್ನೊಂದರಲ್ಲಿ ಕಪ್ಪಿಗೂ ಕಪ್ಪಿಗೂ ಹುಟ್ಟಿದವು, ಕೆಂಪು.

“ಕರೀದು ಕರೀದಕ್ಕೇ ಹುಟ್ಟಿತು ಅಂತ ನೀವ್ ಹೇಳ್ತೀರ” ಎಂದ ಬಾಲ್ದೊ. “ನಾವ್ ಹೆರಿಗೆಗೆ ಬಂದಿದ್ವಾ?”

“ನನ್ನ ಮಾತು ನಂಬಬೇಡಿ” ಎಂದಳು ಎರ್ಸಿಲಿಯಾ. “ಮಕ್ಕಳನ್ನೇ ಕೇಳೋಣ.”

ಬಟ್ಟಲುಗಳಿಗೆ ಸುಣ್ಣದಂಶ ತೆಗೆದ ಕಡಲನೀರು ಹುಯ್ದು ಮೆಲ್ಲಗೆ ಅಲುಗಿಸಿದಳು. ಸುಣ್ಣದಂಶವಿಲ್ಲದೆ ಕೋಶದ ಮೈಯ ಕೊಂಡಿ ಕಚ್ಚುವುದಿಲ್ಲ. ಕಣ್ಣಿಟ್ಟು ನೋಡುತ್ತಿದ್ದ ಬ್ರಿಜಿದಾ ಕಿರುಚಿದಳು: “ಅಯ್ಯೋ, ಚೆಂಡು ಬಿಚ್ಚೋಯ್ತು!” ಭ್ರೂಣಗಳೆಲ್ಲ ಬಿಡಿಬಿಡಿ ಕೋಶಗಳಾಗಿ ಚದುರಿದ್ದವು. ಎರ್ಸಿಲಿಯಾ ಎರಡನ್ನೂ ಒಂದೇ ಗಾಜಿಗೆ ಬೆರೆಸಲು ಹನಿಗೊಳವೆಯನ್ನು ಬ್ರಿಜಿದಾಳ ಕೈಗೇ ಕೊಟ್ಟಳು. ಹಿಟ್ಟು ಹತ್ತಿದ ಕೈಯನ್ನು ತೊಳೆದುಕೊಂಡು ಅವಳೇ ಬೆರೆಸಿದಳು. ಮೇಲೆ ಹುಯ್ಯಲು ಒಳ್ಳೆಯ ಕಡಲನೀರನ್ನು ಬಾಲ್ದೊ ತಾನೇ ಬಕೆಟ್ಟಿನಲ್ಲಿ ತಂದ. ಬೇರೆಯವರು ತಂದ ನೀರನ್ನು ಅವನು ನಂಬಲಿಲ್ಲ.

“ಈಗ ಕೊಂಡಿ ಮತ್ತೆ ಕಚ್ಚುತ್ತೆ. ಯಾರು ಯಾರನ್ನ ಹಿಡ್ಕೊಳ್ತಾರೆ ನೋಡ್ತಾ ಇರಿ” ಎಂದಳು ಎರ್ಸಿಲಿಯಾ.

“ಒಂದೇ ಮನೆ ಮಕ್ಳಾದ್ರೆ?” ಬ್ರಿಜಿದಾ ಕೇಳಿದಳು.

“ನೀವೇ ಹೇಳಿ.”

“ಕೂಡ್ಕಂಡು ಕೂರ್ತವೆ” ಎಂದಳು. “ಕೂಡ್ಕಂಡ್ರೆ ಬಾಲ್ದೊ ಗೆದ್ದ. ಬ್ಯಾರೆ ಬ್ಯಾರೆ ಕೂತ್ರೆ ಲಿಬೊರಿಯೊ. ಆಯ್ತಾ? ಈಗ ಎಲ್ಲ ನನ್ನ ಒಲೆ ದಾರಿ ಬುಡಿ.”

ಇಂಥ ಬೆಳಗನ್ನು ನಮ್ಮ ಬಂದರು ಹಿಂದೆ ಕಂಡಿರಲಿಲ್ಲ. ಸಾರ್ಡೀನು ಮೀನು ಹುರಿಯುವವರು ಒಂದು ಕಣ್ಣು ಬಾಣಲೆಗೆ, ಒಂದು ಕಣ್ಣು ಸೂಕ್ಷ್ಮದರ್ಶಕಕ್ಕೆ ಇಟ್ಟರು. ಸರದಿ ಬೀದಿಯವರೆಗೂ ಬೆಳೆಯಿತು. ಒಬ್ಬಳು ತನ್ನ ಕೂಸಿಗೂ ತೋರಿಸಿದಳು, ಕೂಸು ಹನಿಗೊಳವೆ ಕಚ್ಚಿತು. ಪಾದ್ರಿ ಬಂದು ನೋಡಿ, ದೇವರ ಮಹಿಮೆ ಎಂದು ಮಾತ್ರ ಹೇಳಿ, ಯಾವ ಪಕ್ಷಕ್ಕೂ ಸಿಗದೆ ಹೋದರು. ಹತ್ತು ಗಂಟೆಗೆ ಎಲ್ಲವೂ ಅಕ್ಕಿಯಲ್ಲಿ ಬೇಳೆ ಬೆರೆಸಿದಂತೆ ಕಲಸಿಕೊಂಡಿತ್ತು.

ಹನ್ನೊಂದಕ್ಕೆ ಬಾಲ್ದೊ ಕೂಗಿದ: “ಹಿಡ್ಕಂಡ್ವು! ಕೆಂಪುದ್ದು ಬಿಳೀದ್ನ ಹಿಡ್ಕಂಡೈತೆ! ನೋಡ್ರೋ, ಗಂಡ ಹೆಂಡ್ತಿ ಮಕ್ಳು!”

ನಾನು ನೋಡಿದೆ. ನಿಜ. ಕೆಂಪು, ತಿಳಿ, ಕೆಂಪು, ತಿಳಿ, ಸಿಕ್ಕವರನ್ನು ಸಿಕ್ಕವರು ಹಿಡಿದು ಗುಂಪಾಗಿದ್ದವು. ಎರ್ಸಿಲಿಯಾ ಹೆಬ್ಬೆರಳ ಉಗುರು ಕಚ್ಚುತ್ತಿದ್ದಳು.

“ಮೊದಲು ಯಾರು ಸಿಕ್ಕಿದ್ರೂ ಹಿಡ್ಕೊಳ್ತವೆ, ಕೊಜಿಮೊ. ಆಮೇಲೆ ಬಿಡ್ತವೆ.”

“ಬಿಡದಿದ್ರೆ?”

“ಬಿಡ್ತವೆ” ಎಂದಳು. ಇನ್ನೊಂದು ಉಗುರಿಗೆ ಹೋದಳು.

ಹನ್ನೆರಡಕ್ಕೆ ಪದ್ಧತಿಯಂತೆ ಲಿಬೊರಿಯೊ ನೀಲಿ ಹೊದಿಕೆ ಹೊದ್ದು, ಕೋಲು ಹಿಡಿದು ಬೀದಿಯಲ್ಲಿ ನಿಂತ. ಬಾಲ್ದೊ ಕೂಡ ಒಂದು ಹೊದಿಕೆ ತರಿಸಿಟ್ಟುಕೊಂಡಿದ್ದ. ಲಿಬೊರಿಯೊ ಬಾಗಿಲು ಬಡಿದ. ಒಳಗಿನಿಂದ “ಜಾಗ ಇಲ್ಲ” ಎಂದರು. ಮತ್ತೆ ಬಡಿದ. “ಜಾಗ ಇಲ್ಲ.” ಮೂರನೆಯ ಸಲ ಬಡಿದ.

“ಸ್ವಲ್ಪ ತಡಿ ಲಿಬೊರಿಯೊ” ಎಂದಳು ಬ್ರಿಜಿದಾ, “ಇನ್ನೂ ಬೆಂದಿಲ್ಲ.”

ಪಾಸ್ತಾ ಬೆಂದು ಎಷ್ಟೋ ಹೊತ್ತಾಗಿತ್ತು. ಮೇಜಿನ ಸುತ್ತ ನಲವತ್ತು ಜನ ತಟ್ಟೆಗಳನ್ನು ನೋಡುತ್ತ ನಿಂತಿದ್ದರು. ಬ್ರಿಜಿದಾ ಸೂಕ್ಷ್ಮದರ್ಶಕ ಬಿಟ್ಟು ಕದಲಲಿಲ್ಲ. ಒಬ್ಬಳು ಸೌಟು ಹಿಡಿದು ಬಂದು ಏನೋ ಕೇಳಿದರೆ “ಶ್” ಎಂದಳು.

“ಅಕ್ಕಾ, ಏನ್ ಕಾಣ್ತೈತೆ?” ಹೊರಗಿನಿಂದ ಲಿಬೊರಿಯೊ.

“ಸಂತ ಜೋಸೆಫ ಬಾಗಿಲಾಚೆಯಿಂದ ಮಾತಾಡಾಕಿಲ್ಲ, ಬಾಯ್ ಮುಚ್ಚು!”

ಹನ್ನೆರಡೂ ಮುಕ್ಕಾಲಿಗೆ ಅವಳು, “ಕೆಂಪುದ್ದು ಕೈ ಬುಡ್ತಾ ಐತೆ” ಎಂದಳು.

ಎಲ್ಲರೂ ಮೇಜಿನ ಆ ತುದಿಗೆ ಒತ್ತರಿಸಿದರು.

“ಬುಡ್ತು. ಪಕ್ಕದ್ ಕೆಂಪುದ್ದರ ತಾವ ಹೋಗ್ತಾ ಐತೆ. ಬಿಳೀವೆಲ್ಲ ಆ ಕಡೆ. ನಮ್ಮ ಕೊಜಿಮೊನ ತಂಗಿ ಮದುವೇಲಿ ಬೀಗ್ರು ಸರ್ಕಂಡಂಗೆ ಸರ್ಕತಾವೆ.” ಅವಳು ಕೊನೆಗೂ ತಲೆಯೆತ್ತಿದಳು. ಕಣ್ಣ ಸುತ್ತ ಕನ್ನಡಕದಂತೆ ಗುಂಡಗೆ ಗುರುತು ಬಿದ್ದಿತ್ತು. “ಒಂದು ಮನೆ ಮಕ್ಳಾಗಿದ್ರೆ ಹಿಂಗೆ ಬ್ಯಾರೆ ಪಂಕ್ತಿ ಹಾಕ್ತಿದ್ವಾ? ಕೆಂಪು ಮನೇನೇ ಬ್ಯಾರೆ, ಬಿಳೀ ಮನೇನೇ ಬ್ಯಾರೆ. ಅವು ಗಂಡ ಹೆಂಡ್ತಿ ಅಲ್ಲ ಕಣ್ರೋ, ಅಕ್ಕಪಕ್ಕದೋರು.”

ಬಾಲ್ದೊ ನೂಕಿಕೊಂಡು ಬಂದು ಕಣ್ಣಿಟ್ಟ. ಎಡಗಣ್ಣಲ್ಲಿ ನೋಡಿದ, ಬಲಗಣ್ಣಲ್ಲಿ ನೋಡಿದ, ಗಾಜಿನಡಿ ಏನಾದರೂ ಬಚ್ಚಿಟ್ಟಿದ್ದಾರೇನೋ ಎಂದು ಬೆರಳಾಡಿಸಿದ. ಕೆಂಪಿನ ಚೆಂಡುಗಳು ಒಂದು ಕಡೆ, ತಿಳಿಯವು ಒಂದು ಕಡೆ. ಅವನು ನೆಟ್ಟಗೆ ನಿಂತು ಬೆರಳಲ್ಲಿ ಏನೋ ಲೆಕ್ಕ ಹಾಕಿದ. ಮುಖ ನಿಧಾನವಾಗಿ ಅರಳಿತು.

“ಹಂಗಾದ್ರೆ ಐವತ್ತು ವರ್ಷದಿಂದ ನಾನು ಬ್ರೆಡ್ಡಿಗೆ ಹಚ್ಕಂಡು ತಿಂದಿದ್ರಲ್ಲಿ ಅರ್ಧ ಗಂಡಸ್ರು!”

“ಅದಕ್ಕೇ ನಿಂಗೆ ಇಷ್ಟು ಗಡಸು ದನಿ” ಎಂದಳು ಅವನ ಹೆಂಡತಿ. ಕೋಣೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಬಾಲ್ದೊ. ನಗು ನಿಂತ ಮೇಲೆ ಹೊದಿಕೆಯನ್ನು ಮಡಿಸಿ ಹೆಂಡತಿಯ ಕೈಗೆ ಕೊಟ್ಟು, “ಬಾಗ್ಲು ತೆಗೀರೋ, ಮುದುಕ ಬಿಸ್ಲಲ್ಲಿ ಒಣಗ್ತಾ ಅವ್ನೆ” ಎಂದ. ಎರ್ಸಿಲಿಯಾ ಯಾರಿಗೂ ಕಾಣದಂತೆ ನನ್ನ ತೋಳು ಹಿಡಿದು ಎರಡು ಸಲ ಕುಣಿದಳು; ಎಲ್ಲರಿಗೂ ಕಂಡಿತು.

ಬ್ರಿಜಿದಾ ಮೇಲಂಗಿಯನ್ನು ಸರಿಮಾಡಿಕೊಂಡು ಬಾಗಿಲ ಬಳಿ ಹೋದಳು.

“ಯಾರದು?”

“ಜೋಸೆಫ” ಎಂದಿತು ಹೊರಗಿನ ದನಿ.

ಒಂದು ಗಂಟೆಗೆ ಬಾಗಿಲು ತೆರೆಯಿತು. ಲಿಬೊರಿಯೊ ಒಳಗೆ ಬಂದು ಕುರ್ಚಿಯಲ್ಲಿ ಕೂತು ಮೊದಲ ತುತ್ತು ತಿಂದ. ಪಾಸ್ತಾ ಆರಿಹೋಗಿತ್ತು, ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು.